ಗುಡ್ಡೆಯ ಮೇಲಿನ ಹಳೇ ಟಿಪ್ಪರ್ ದಾರಿ

ಎಲ್ಲರಿಗೂ ನಮಸ್ಕಾರ.

ಕಲ್ಲುಕೋರೆ ಅಂದ ಕೂಡಲೇ ನಾವೆಲ್ಲ ಗುಂಡಿಯ ಮಾತಾಡುತ್ತೇವೆ. ಸಿಡಿಮದ್ದಿನ ಸದ್ದು, ಬಿರುಕು ಬಿಟ್ಟ ಗೋಡೆ, ಧೂಳು. ನಾನು ಇವತ್ತು ಆ ಗುಂಡಿಗೆ ಹೋಗುವ ದಾರಿಯ ಬಗ್ಗೆ ಹೇಳುತ್ತೇನೆ. ಕಲ್ಲು ಮುಗಿದ ಮೇಲೆ ಕೋರೆಯವರು ಹೋಗುತ್ತಾರೆ. ಟಿಪ್ಪರ್ ಹತ್ತಿದ ದಾರಿ ಗುಡ್ಡೆಯ ಮೈಮೇಲೆ ಹಾಗೇ ಉಳಿಯುತ್ತದೆ. ಆಮೇಲೆ ಅದರಲ್ಲಿ ಓಡುವುದು ಮಳೆನೀರು.

ಈ ಹಳೇ ದಾರಿಗಳನ್ನು ಮಾಡಿದ ರೀತಿ ನೋಡಿ. ಗುಡ್ಡೆಯ ಒಳಬದಿ ಕಡಿದರು, ಕಡಿದ ಮಣ್ಣನ್ನು ಹೊರಬದಿಗೆ ತಳ್ಳಿದರು. ಹಾಗಾಗಿ ದಾರಿಯ ಅರ್ಧ ಗಟ್ಟಿ ನೆಲದ ಮೇಲಿದೆ, ಇನ್ನರ್ಧ ಸಡಿಲ ಮಣ್ಣಿನ ಮೇಲಿದೆ. ಆ ಮಣ್ಣಿನಡಿ ಮರದ ಬುಡ, ಬೇರು, ಸೊಪ್ಪು ಹೂತಿರುತ್ತದೆ. ವರ್ಷ ಕಳೆದಂತೆ ಅವು ಕೊಳೆತು ಒಳಗೆ ಟೊಳ್ಳಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಮ್ಮ ಕಾಸರಗೋಡಿನ ನೆಲದಲ್ಲಿ ಇನ್ನೊಂದು ತೊಂದರೆ ಇದೆ. ಮೇಲೆ ಮುರಕಲ್ಲು, ಅಂದರೆ ಕೆಂಪುಕಲ್ಲು. ಅದರ ಕೆಳಗೆ ಬಿಳಿ, ನಸುಗೆಂಪು ಜೇಡಿ ಮಣ್ಣು. ಒಣಗಿದ್ದಾಗ ಬರೆ, ಅಂದರೆ ಕಡಿದ ಗುಡ್ಡೆಯ ಗೋಡೆ, ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಜಾರುತ್ತದೆ. ಮುರಕಲ್ಲು ತೂತು ತೂತು ಅಲ್ವಾ, ನೀರು ಸಲೀಸಾಗಿ ಇಳಿದು ಜೇಡಿಯ ತಲೆಯ ಮೇಲೆ ನಿಲ್ಲುತ್ತದೆ. ನೀರಿಗಾಗಿ ಗುಡ್ಡೆಯೊಳಗೆ ಸುರಂಗ ತೋಡಿದ ನಮ್ಮ ಹಿರಿಯರು ಮುರಕಲ್ಲಿನೊಳಗೆ ಇಳಿದ ಈ ನೀರನ್ನೇ ಹುಡುಕಿಕೊಂಡು ಹೋದರು. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜರಿಯಿತು. ಅಲ್ಲಿ ದಿನವೂ ಜನ ಓಡಾಡುತ್ತಾರೆ, ಹಾಗಾಗಿ ಸುದ್ದಿಯಾಯಿತು. ಹಳೇ ಕೋರೆ ದಾರಿಯ ಬರೆಯನ್ನು ನೋಡುವವರು ಯಾರು?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕೋರೆಯ ದಾರಿಯಲ್ಲಿ ಬಿರುಕು ಕಂಡೆವು. ಹೊರ ಅಂಚಿನ ಉದ್ದಕ್ಕೂ, ಬೆರಳು ತೂರುವಷ್ಟು. ಚರಳು ತುಂಬಿಸಿ ಮುಚ್ಚಿದೆವು. ಆಟಿ ತಿಂಗಳ ಮಳೆಗೆ ಆ ಅಂಚು ಪೂರ್ತಿ ಕೆಳಗಿನ ಅಡಿಕೆ ತೋಟಕ್ಕೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತೋಟದ ಯಜಮಾನರು ಮಣ್ಣಿನಲ್ಲಿ ಹೂತ ಸಸಿಗಳನ್ನು ಕೈಯಿಂದ ಬಿಡಿಸುತ್ತಿದ್ದದ್ದು ಇವತ್ತಿಗೂ ಕಣ್ಣಮುಂದಿದೆ. ಚರಳು ನೀರನ್ನು ತಡೆಯುವುದಿಲ್ಲ, ಒಳಗೆ ಬಿಡುತ್ತದೆ. ಅಂಟು ಮಣ್ಣು ಹಾಕಿ ಬಿಗಿಯಾಗಿ ಮೆಟ್ಟಬೇಕಿತ್ತು. ಬಿರುಕಿನ ಎರಡೂ ಬದಿ ಗೂಟ ಹೊಡೆದು, ನಡುವಿನ ದೂರವನ್ನು ಮಳೆಗಾಲವಿಡೀ ಅಳೆಯಬೇಕಿತ್ತು.

ದಾರಿಯ ಏರು ಸಾಮಾನ್ಯವಾಗಿ 16 ಅಡಿಗೆ 1 ಅಡಿ, ಸಣ್ಣ ತುಂಡಿನಲ್ಲಿ ಮಾತ್ರ 10ಕ್ಕೆ 1. ಹೊರ ಅಂಚಿನ ಮಣ್ಣಿನ ದಿಣ್ಣೆ ಲಾರಿಯ ಚಕ್ರದ ಅಚ್ಚಿನ ಎತ್ತರಕ್ಕಾದರೂ ಬೇಕು. ಇದು ಹೆಚ್ಚಿನವರಿಗೆ ಗೊತ್ತು. ಮರೆಯುವುದು ನೀರಿನ ಲೆಕ್ಕ. ದಿಣ್ಣೆಯಲ್ಲಿ ನೀರು ಹೊರಹೋಗಲು ಬಿಡುವು ಇಲ್ಲದಿದ್ದರೆ ದಾರಿಯೇ ತೋಡಾಗುತ್ತದೆ. ದಾರಿ ಒಳಬದಿಗೆ ಸ್ವಲ್ಪ ವಾಲಿರಬೇಕು, ಅಲ್ಲಿ ನೀರು ಹರಿಯುವ ಕಣಿ ಇರಬೇಕು. ಕಣಿಯ ನೀರು ಮೋರಿಯಲ್ಲಿ ಆಚೆ ದಾಟಿ ಕಲ್ಲಿನ ಮೇಲೆ ಬೀಳಬೇಕು, ತಳ್ಳಿದ ಮಣ್ಣಿನ ಮೇಲೆ ಅಲ್ಲ. ತೋಡಿಗೆ ಸೇರುವ ಮೊದಲು ಕೆಸರು ಕೂರಲು ಒಂದು ಹೊಂಡವೂ ಬೇಕು.

ಇನ್ನು ಕಾನೂನು. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರಿಗಿಂತ ಚಿಕ್ಕ ಕೋರೆಗೂ ಪರಿಸರ ಅನುಮತಿ ಬೇಕೆಂದಿತು. ಅದಕ್ಕೂ ಮೊದಲೇ ನಿಂತುಹೋದ ಸಣ್ಣ ಕೋರೆಗಳ ದಾರಿಗೆ ಅಂಥ ಕಾಗದವೇ ಇಲ್ಲ. ನನ್ನನ್ನು ಜಾಸ್ತಿ ಕಾಡುವುದು ಇವೇ. ಅನುಮತಿ ಪಡೆದವರು ಪರಿಸರ ಅನುಮತಿಯ ಬಗೆಗಿನ ಕೇಂದ್ರದ 2006ರ ಅಧಿಸೂಚನೆಯ ಪ್ರಕಾರ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧ ವರ್ಷದ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ. ಯಾರು ಅರ್ಜಿ ಹಾಕಿದರೂ ಪ್ರತಿ ಸಿಗಬೇಕು. ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಕಣಿ, ಮೋರಿ, ಕೆಸರಿನ ಹೊಂಡದ ಮಾತು ಇದೆಯಾ ನೋಡಿ. ಕಾಗದ ಹಿಡಿದುಕೊಂಡೇ ದಾರಿ ಹತ್ತಿ.

ಕಾಗದವಿಲ್ಲದ ದಾರಿಯನ್ನು ನಾವೇ ನೋಡಬೇಕು. ನಾಳೆ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಈ ಗುಡ್ಡೆಯ ಹಿಂದಿನ ಹಳೇ ದಾರಿಗೆ ಹೋಗೋಣ. ಗೂಟ, ಸುತ್ತಿಗೆ, ಅಳತೆ ಟೇಪು ನಾನು ತರುತ್ತೇನೆ. ನೀವು ಕತ್ತಿ ತನ್ನಿ, ಕಣಿ ಪೂರ್ತಿ ಬಲ್ಲೆ ಬೆಳೆದಿದೆ.