ಗೂಟದ ಅಂಗಿಗೆ ಕೈ ಎಟುಕದಾಗ

ಕೇಳುಗರಿಗೆ ನಮಸ್ಕಾರ.

ಒಂದು ಮಳೆಗಾಲ ನಮ್ಮಪ್ಪ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಬಲಗೈ ಊರಿ ಬಿದ್ದರು. ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಅಂದಾಗ ಹೋದ ಜೀವ ಬಂದ ಹಾಗಾಯಿತು. ಎಣ್ಣೆ ತಿಕ್ಕಿ ಶಾಖ ಕೊಟ್ಟೆವು. ಮೂರು ವಾರದಲ್ಲಿ ನೋವೂ ಇಳಿಯಿತು. ಆದರೆ ಗೋಡೆಯ ಗೂಟದಿಂದ ಅಂಗಿ ತೆಗೆಯಬೇಕಾದರೆ ಅಪ್ಪ ಎಡಗೈಯಲ್ಲಿ ಬಲ ಮೊಣಕೈಯನ್ನು ಎತ್ತಿ ಹಿಡಿಯಬೇಕಿತ್ತು. ದಿನಾ ನೋಡುತ್ತಿದ್ದೆವು. ವಯಸ್ಸಾಯ್ತಲ್ವಾ ಅಂದುಕೊಂಡು ಸುಮ್ನಿದ್ದೆವು. ಅಡಿಕೆ ಕೊಯ್ಲು ಮುಗಿಯಲಿ ಅಂತ ಅವರೂ ಮುಂದೂಡಿದರು. ಹೀಗೇ ಹತ್ತು ತಿಂಗಳು ಕಳೆಯಿತು.

ನಾವು ಇದಕ್ಕೆ 'ನರ ಹಿಡಿದಿದೆ' ಅಂತೀವಿ. ಅದು ನರ ಅಲ್ಲ. ಭುಜದ ಗುಂಡನೆಯ ಮೂಳೆಯನ್ನು ನಾಲ್ಕು ಸ್ನಾಯುಗಳು ಅಂಗಿಯ ಕೈಪಟ್ಟಿಯ ಹಾಗೆ ಸುತ್ತಿ ಹಿಡಿದಿರುತ್ತವೆ. ವೈದ್ಯರು ರೊಟೇಟರ್ ಕಫ್ ಅನ್ನುವುದು ಇದಕ್ಕೇ. ಸ್ನಾಯು ಮೂಳೆಗೆ ಸೇರುವ ಕಡೆ ಹುರಿಯಂಥ ರಜ್ಜು ಇರುತ್ತದೆ. ಹರಿಯುವುದು ಈ ರಜ್ಜು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಬೇಕು.

ಹರಿದ ರಜ್ಜು ಇದ್ದಲ್ಲೇ ಇರುವುದಿಲ್ಲ. ದಿನ ಕಳೆದಂತೆ ಹಿಂದಕ್ಕೆ ಸರಿಯುತ್ತದೆ. ಎಳೆಯಲು ಏನೂ ಇಲ್ಲದ ಸ್ನಾಯು ಸೊರಗುತ್ತದೆ, ಅದರೊಳಗೆ ಕೊಬ್ಬು ತುಂಬುತ್ತದೆ. ಫ್ರಾನ್ಸಿನ ವೈದ್ಯ ಗುಟಾಲಿಯೆ 1994ರಲ್ಲಿ ಈ ಕೊಬ್ಬನ್ನು 0ಯಿಂದ 4ರವರೆಗೆ ಅಳೆಯುವ ಕ್ರಮ ಹೇಳಿದರು. ಹತ್ತು ತಿಂಗಳ ಮೇಲೆ ತೋರಿಸಿದಾಗ ಅಪ್ಪನದು 3 ಅಂತ ಬಂತು. ಅಂದರೆ ಸ್ನಾಯು ಎಷ್ಟಿದೆಯೋ ಕೊಬ್ಬೂ ಅಷ್ಟೇ. ಆಮೇಲೆ ಆಪರೇಷನ್ ಮಾಡಿ ರಜ್ಜು ಹೊಲಿದರೂ ಆ ಕೊಬ್ಬು ಹೋಗಿ ಸ್ನಾಯು ಮೊದಲಿನಂತಾಗುವುದು ತೀರಾ ಕಷ್ಟ.

ಹಾಗಾಗಿ ಬಿದ್ದು ಪೂರ್ತಿ ಹರಿದದ್ದಾದರೆ ವಾರಗಳ ಲೆಕ್ಕ ಇಡಬೇಕು. ಮೊದಲ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ನಾಲ್ಕು ತಿಂಗಳೊಳಗೆ ಹೊಲಿಸಿಕೊಂಡವರ ಕೈಗೆ ಬಲ ಮರಳುವ ಸಾಧ್ಯತೆ ಜಾಸ್ತಿ. ನಲವತ್ತು ದಾಟಿದವರ ಭುಜ ಕಳಚಿ ಕೂಡಿಸಿದ ಮೇಲೂ ಕೈ ಏಳದಿದ್ದರೆ ಇದೇ ಅನುಮಾನ ಇರಲಿ. ಹೊಲಿದ ಮೇಲೂ ಅವಸರ ಸಲ್ಲದು. ನಾಲ್ಕರಿಂದ ಆರು ವಾರ ಕೈ ಜೋಲಿಯಲ್ಲಿರಬೇಕು. ಸುಮಾರು ಮೂರು ತಿಂಗಳು ಭಾರ ಎತ್ತುವಂತಿಲ್ಲ. ಪೂರ್ತಿ ಸುಧಾರಿಸಲು ಆರು ತಿಂಗಳಿಂದ ಒಂದು ವರ್ಷ.

ಅಪ್ಪನಿಗೂ ಹೊಲಿದರು. ರಾತ್ರಿ ನಿದ್ದೆ ಕೆಡಿಸುತ್ತಿದ್ದ ನೋವು ಹೋಯಿತು, ಬಲ ಬರಲಿಲ್ಲ. ಗೂಟವನ್ನು ಒಂದು ಮೊಳ ಕೆಳಗೆ ಹೊಡೆದೆವು. ನನಗೆ ಅದನ್ನು ನೋಡಿದಾಗಲೆಲ್ಲ ಆ ಹತ್ತು ತಿಂಗಳು ನೆನಪಾಗಿ ಸಂಕಟವಾಗುತ್ತದೆ.

ಆದರೆ ಇದನ್ನು ಕೇಳಿ ಭುಜ ನೋವಿರುವವರೆಲ್ಲ ಆಪರೇಷನ್‌ಗೆ ಓಡಬೇಡಿ. ವಯಸ್ಸಿನ ಜೊತೆ ಮೆಲ್ಲಗೆ ಸವೆದು ಹರಿಯುವುದು ಬೇರೆ. ಅದಕ್ಕೆ ಮೊದಲು ವ್ಯಾಯಾಮ. ಪೆಟ್ಟಿಲ್ಲದೆ ಹರಿದ 400ಕ್ಕೂ ಹೆಚ್ಚು ಜನರಿಗೆ ಅಮೆರಿಕದಲ್ಲಿ ಫಿಸಿಯೋಥೆರಪಿ ಕೊಟ್ಟು ನೋಡಿದರು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಎರಡು ವರ್ಷದಲ್ಲಿ ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ 25ಕ್ಕಿಂತ ಕಡಿಮೆ. ನಮ್ಮ ಪಕ್ಕದ ಮನೆಯ ಅಜ್ಜಿಗೂ ಹೀಗೇ ಹರಿದಿತ್ತು. ಮೂರು ತಿಂಗಳು ಬೆಳಿಗ್ಗೆ ಸಂಜೆ ಬಿಡದೆ ವ್ಯಾಯಾಮ ಮಾಡಿದರು. ಈಗ ಹಿತ್ತಿಲ ತಂತಿಯ ಮೇಲೆ ಒದ್ದೆ ಸೀರೆಯನ್ನು ತಾವೇ ಹರವುತ್ತಾರೆ.

ನಮಸ್ಕಾರ.