ಕೋಡಿಪೆಂಡೆಂಟ್ ಅಂದ್ರೆ ಯಾರು? ಮಲೆನಾಡಿನ ಒಂದು ಮನೆ ನೋಡೋಣ

[ದೃಶ್ಯ: ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಪಕ್ಕದಲ್ಲಿ ಬುಟ್ಟಿಗಳು]

ನಮಸ್ಕಾರ. ಈಗೀಗ ರೀಲ್ಸ್‌ನಲ್ಲಿ ‘ಕೋಡಿಪೆಂಡೆಂಟ್’ ಅನ್ನೋ ಪದ ಜಾಸ್ತಿ ಕೇಳಿಸುತ್ತಿದೆ. ಗೆಳತಿ ಪದೇ ಪದೇ ಫೋನ್ ಮಾಡಿದರೆ ಕೋಡಿಪೆಂಡೆಂಟ್. ಮಗ ಅಮ್ಮನ ಮಾತು ಕೇಳಿದರೆ ಕೋಡಿಪೆಂಡೆಂಟ್. ಹೀಗೆ ಕಂಡಕಂಡವರಿಗೆಲ್ಲ ಹಚ್ಚಿದರೆ, ನಿಜವಾಗಿ ಈ ಪದ ಬೇಕಾದವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆ ಅಂದುಕೊಳ್ಳಿ. ಸಣ್ಣ ತೋಟ, ಕೊನೆಕೊಯ್ಲಿನ ಸಮಯ. ಯಜಮಾನರು ರಾತ್ರಿ ಕುಡಿದು ಬಂದವರು ಬೆಳಿಗ್ಗೆ ಎದ್ದಿಲ್ಲ. ಮೈದುನನ ಫೋನ್ ಬರುತ್ತದೆ.

“ಅತ್ತಿಗೆ, ಅಣ್ಣ ಇದಾನಾ?”

“ಜ್ವರ ಮಾರಾಯ. ರಾತ್ರಿಯೆಲ್ಲ ನಿದ್ದೆ ಇಲ್ಲ, ಈಗ ಮಲಗಿದಾರೆ.”

ಆಕೆ ಕೊನೆಗಾರನಿಗೆ ಕಾಫಿ ಕೊಟ್ಟು ತೋಟದ ಕೆಲಸ ಹೇಳುತ್ತಾಳೆ. ಮಂಡಿಯವರು ಕೇಳಿದರೆ ಇನ್ನೊಂದು ಸುಳ್ಳು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಗಂಡನ ಬಾಕಿ ತೀರಿಸುತ್ತಾಳೆ. ಸಂಜೆ ಬೈಕ್ ದಣಪೆ ಹತ್ತಿರ ನಿಂತ ಸದ್ದಿನಲ್ಲೇ ಎಷ್ಟು ಕುಡಿದಿದ್ದಾರೆ ಅಂತ ಆಕೆಗೆ ತಿಳಿಯುತ್ತದೆ. ‘ನಿನಗೇನು ಬೇಕು’ ಅಂತ ಯಾರಾದರೂ ಕೇಳಿದರೆ ಮಾತ್ರ ಉತ್ತರ ಹೊಳೆಯುವುದಿಲ್ಲ.

ಇದು ಕೋಡಿಪೆಂಡೆನ್ಸಿ. ಗಂಡನಿಗೆ ಕುಡಿತ ಬಿಟ್ಟಿರಲು ಆಗುವುದಿಲ್ಲ, ಹೆಂಡತಿಗೆ ಅವರನ್ನು ಸಂಭಾಳಿಸುವುದನ್ನು ಬಿಡಲು ಆಗುವುದಿಲ್ಲ. ಕುಡಿತದಿಂದ ಆದ ನಷ್ಟ, ಅವಮಾನ ಎಲ್ಲವನ್ನೂ ಆಕೆಯೇ ಮುಂದೆ ನಿಂತು ತಡೆಯುತ್ತಾಳೆ. ಗಂಡನಿಗೆ ಅದರ ಬಿಸಿ ತಟ್ಟುವುದೇ ಇಲ್ಲ. ಹಾಗಾಗಿ ಕುಡಿತ ಮುಂದುವರಿಯುತ್ತದೆ. ಹೆಂಡತಿಯ ಜಾಗದಲ್ಲಿ ತಾಯಿ ಇರಬಹುದು, ಅಣ್ಣ ಇರಬಹುದು.

[ದೃಶ್ಯ: ಹಳೆಯ ಅಮೆರಿಕದ ಸಭಾಂಗಣ, ವೃತ್ತಾಕಾರದಲ್ಲಿ ಕುರ್ಚಿಗಳು]

ಪದ ಹುಟ್ಟಿದ್ದೂ ಇಂಥ ಮನೆಗಳಿಂದಲೇ. 1935ರಲ್ಲಿ ಅಮೆರಿಕದಲ್ಲಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಶುರುವಾಯಿತು. ಕುಡಿಯುವವರ ಮನೆಯವರಿಗೂ ಆಸರೆ ಬೇಕು ಅಂತ 1951ರಲ್ಲಿ ‘ಅಲ್-ಅನಾನ್’ ಬಂತು. ಮೊದಲು ಇಂಥ ಮನೆಯವರನ್ನು ‘ಕೋ-ಆಲ್ಕೊಹಾಲಿಕ್’ ಅನ್ನುತ್ತಿದ್ದರು. ಕುಡಿತಕ್ಕೂ ಡ್ರಗ್ಸ್‌ಗೂ ಒಟ್ಟಿಗೆ ಚಿಕಿತ್ಸೆ ಕೊಡಲು ಶುರು ಮಾಡಿದ ಮೇಲೆ, 1970ರ ದಶಕದ ಕೊನೆಗೆ, ‘ಕೋಡಿಪೆಂಡೆಂಟ್’ ಬಳಕೆಗೆ ಬಂತು.

1986ರಲ್ಲಿ ಟಿಮೆನ್ ಸೆರ್ಮಾಕ್ ಅನ್ನೋ ಮನೋವೈದ್ಯರು ಮಾನಸಿಕ ಕಾಯಿಲೆಗಳ ಪಟ್ಟಿಗೆ ಇದನ್ನೂ ಸೇರಿಸಿ ಅಂದರು. ಒಪ್ಪಿಗೆ ಸಿಗಲಿಲ್ಲ. ಮಾನಸಿಕ ಕಾಯಿಲೆ ಗುರುತಿಸಲು ವೈದ್ಯರು ನೋಡುವ ಡಿಎಸ್‌ಎಂ-5 ಅನ್ನೋ ಪಟ್ಟಿಯಲ್ಲಿ ಇವತ್ತಿಗೂ ಈ ಹೆಸರಿಲ್ಲ. ಯಾರಾದರೂ ‘ನಿನಗೆ ಕೋಡಿಪೆಂಡೆನ್ಸಿ ಕಾಯಿಲೆ’ ಅಂದರೆ ನಂಬಬೇಡಿ.

ಇನ್ನೊಂದು ಮಾತು. ಒಬ್ಬರನ್ನೊಬ್ಬರು ನೆಚ್ಚಿಕೊಂಡು ಬಾಳುವುದು ತಪ್ಪಲ್ಲ. ನಮ್ಮಲ್ಲಿ ಮುಯ್ಯಾಳು ಇಲ್ವಾ? ಇವತ್ತು ನಿಮ್ಮ ಗದ್ದೆ ನೆಟ್ಟಿಗೆ ನಾವು ಬಂದರೆ, ನಾಳೆ ನಮ್ಮ ನೆಟ್ಟಿಗೆ ನೀವು ಬರುತ್ತೀರಿ. ಅಲ್ಲಿ ಕೊಟ್ಟದ್ದು ತಿರುಗಿ ಬರುತ್ತದೆ, ಇಬ್ಬರ ಗದ್ದೆಯೂ ಹಸಿರಾಗುತ್ತದೆ. ಕೋಡಿಪೆಂಡೆನ್ಸಿಯಲ್ಲಿ ಒಬ್ಬರೇ ಕೊಡುತ್ತಾ ಹೋಗುತ್ತಾರೆ.

ಈ ಪದದ ಬಗ್ಗೆ ಸ್ತ್ರೀವಾದಿಗಳ ತಕರಾರೂ ಇದೆ, ಅದು ಸರಿ ಅಂತಲೇ ನನಗನ್ನಿಸುತ್ತದೆ. ಹೆಣ್ಣುಮಕ್ಕಳಿಗೆ ಸಣ್ಣವರಿದ್ದಾಗಿಂದ ‘ಸಹಿಸಿಕೊಂಡು ಹೋಗು’ ಅಂತ ಕಲಿಸಿ, ಆಮೇಲೆ ಸಹಿಸಿಕೊಂಡಿದ್ದೇ ನಿನ್ನ ದೋಷ ಅಂದರೆ ಹೇಗೆ? ನಿಜ ಹೇಳಿದರೆ ಹೊಡೆತ ಬೀಳುವ ಮನೆಯಲ್ಲಿ ಸುಳ್ಳು ಹೇಳುವುದು ಜೀವ ಉಳಿಸಿಕೊಳ್ಳಲು. ಅದಕ್ಕೆ ಈ ಹೆಸರು ಬೇಡ. ಹಾಗೇ, ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಆಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರುವುದು ಆರೈಕೆ.

ಹಾಗಾದರೆ ಆ ಅತ್ತಿಗೆ ಏನು ಮಾಡಬಹುದು? ಮನೆ ಬಿಟ್ಟು ಹೋಗಬೇಕು ಅಂತೇನಿಲ್ಲ. ಹೊಡೆತದ ಭಯ ಇಲ್ಲದಿದ್ದರೆ, ಮುಂದಿನ ಸಲ ಮೈದುನ ಕೇಳಿದಾಗ “ನಿಮ್ಮಣ್ಣನ್ನೇ ಕೇಳು” ಅಂತ ಫೋನನ್ನು ಗಂಡನ ಕೈಗೆ ಕೊಡಬಹುದು. ಹೊಸ ಸಾಲಕ್ಕೆ ಸಹಿ ಹಾಕದೆ ಇರಬಹುದು. ವಾರಕ್ಕೊಮ್ಮೆಯಾದರೂ ತವರಿನವರ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿಕೊಳ್ಳಬಹುದು.

[ಪರದೆಯ ಮೇಲೆ: ಟೆಲಿ ಮಾನಸ್ 14416]

ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಫೋನ್ ಮಾಡಬೇಕು ಅಂತಿಲ್ಲ, ಮನೆಯವರು ಮಾಡಿದರೂ ಕೇಳುತ್ತಾರೆ.