ಫಿಲಿಪ್‌ನ ಕುರ್ಚಿಯಿಂದ: ಎಡಿಎಚ್‌ಡಿ ಮತ್ತು ಆತ್ಮಕಥನದ ಕಾಮಿಕ್ಸ್

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಚಿತ್ರ ಬರೆಯುವವರಿದ್ದೀರಿ, ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ ಬಿಡದ ಸ್ಥಿತಿ, ಇಟ್ಟುಕೊಂಡು ಸಂಸಾರ, ಕೆಲಸ ಎರಡನ್ನೂ ತೂಗಿಸುತ್ತಿರುವವರಿದ್ದೀರಿ, ಎರಡೂ ಆಗಿರುವವರೂ ಇದ್ದೀರಿ. ಹಾಗಾಗಿ ಮೊದಲಿನಿಂದ ವಿವರಿಸುತ್ತಾ ಕೂರುವುದಿಲ್ಲ. ಒಂದೇ ಮಾತು ಹಿಡಿದುಕೊಂಡು ಬಂದಿದ್ದೇನೆ: ಎಡಿಎಚ್‌ಡಿ ಹೇಗಿರುತ್ತದೆ ಅನ್ನುವುದನ್ನು ಚಿತ್ರದ ಕೆಳಗಿನ ಬರಹ ಹೇಳಬಾರದು, ಪುಟದ ಜೋಡಣೆಯೇ ಹೇಳಬೇಕು. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

1840ರ ದಶಕದ ಜರ್ಮನಿಗೆ ಹೋಗೋಣ. ಫ್ರಾಂಕ್‌ಫರ್ಟ್‌ನಲ್ಲಿ ಹೈನ್ರಿಕ್ ಹಾಫ್‌ಮನ್ ಅಂತ ಒಬ್ಬ ವೈದ್ಯ. ಕ್ರಿಸ್‌ಮಸ್‌ಗೆ ಮೂರು ವರ್ಷದ ಮಗನಿಗೆ ಒಂದು ಚಿತ್ರಪುಸ್ತಕ ಕೊಳ್ಳಲು ಪೇಟೆಗೆ ಹೋದ. ಯಾವುದೂ ಹಿಡಿಸಲಿಲ್ಲ. ಖಾಲಿ ಪುಸ್ತಕ ತಂದು ತಾನೇ ಪದ್ಯ ಕಟ್ಟಿ ಚಿತ್ರ ಬರೆದುಕೊಟ್ಟ. ಅದು ಅಚ್ಚಾಯಿತು, ಊರೂರಿಗೆ ಹೋಯಿತು, ಮುಂದಿನ ಆವೃತ್ತಿಗಳಲ್ಲಿ ಹೊಸ ಕಥೆಗಳು ಸೇರಿದವು. ಹಾಗೆ ಸೇರಿದ ಒಬ್ಬ ಹುಡುಗ ಫಿಲಿಪ್. ಊಟದ ಮೇಜು. ಇವತ್ತಾದರೂ ಇವನು ಸುಮ್ಮನೆ ಕೂರುತ್ತಾನೋ ನೋಡೋಣ ಅನ್ನುತ್ತಾನೆ ಅಪ್ಪ. ಅಮ್ಮ ಮಾತಾಡದೆ ಮೇಜಿನ ಸುತ್ತ ಕಣ್ಣು ಹಾಯಿಸುತ್ತಾಳೆ. ಹುಡುಗ ಕುರ್ಚಿಯನ್ನು ಹಿಂದಕ್ಕೆ ಮುಂದಕ್ಕೆ ತೂಗುತ್ತಾನೆ. ಕುರ್ಚಿ ವಾಲುತ್ತದೆ, ಮೇಜಿನ ಬಟ್ಟೆ ಹಿಡಿದುಕೊಳ್ಳುತ್ತಾನೆ, ತಟ್ಟೆ, ಬ್ರೆಡ್ಡು, ಸೂಪು ಎಲ್ಲ ನೆಲದ ಪಾಲು. ಹುಡುಗ ಬಟ್ಟೆಯಡಿ ಮುಚ್ಚಿಹೋಗಿದ್ದಾನೆ, ಅಪ್ಪ ಅಮ್ಮನಿಗೆ ಊಟವಿಲ್ಲ. ಎಡಿಎಚ್‌ಡಿಯ ಇತಿಹಾಸ ಹೇಳುವವರು ಈ ಫಿಲಿಪ್‌ನನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಬರೆದವನು ಆಮೇಲೆ ಅದೇ ಊರಿನ ಮನೋರೋಗಿಗಳ ಆಸ್ಪತ್ರೆಯ ಮುಖ್ಯಸ್ಥನೂ ಆದ.

ಈಗ ಆ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ನಮ್ಮನ್ನು ಎಲ್ಲಿ ಕೂರಿಸಿದ್ದಾರೆ? ಮೇಜಿನಿಂದ ದೂರದಲ್ಲಿ, ನೋಡುವವರ ಜಾಗದಲ್ಲಿ. ಕುರ್ಚಿ ವಾಲುವ ಮೊದಲು ಆ ಹುಡುಗನ ಮೈಯಲ್ಲಿ ಏನು ನಡೆಯುತ್ತಿತ್ತು? ಒಂದು ಗೆರೆಯೂ ಇಲ್ಲ. ಬಿದ್ದದ್ದು ಕಾಣುತ್ತದೆ, ಬಿದ್ದವನು ಕಾಣುವುದಿಲ್ಲ. "ಬುದ್ಧಿವಂತ, ಆದರೆ ಗಮನವಿಲ್ಲ" ಅಂತ ಇವತ್ತಿಗೂ ಶಾಲೆಯ ಅಂಕಪಟ್ಟಿಯಲ್ಲಿ ಬರೆಯುವ ಷರಾ ಇದೇ ಜಾಗದಿಂದ ನೋಡಿ ಬರೆದದ್ದು. ಆತ್ಮಕಥನದ ಕಾಮಿಕ್ಸ್ ಮಾಡಿದ ದೊಡ್ಡ ಕೆಲಸ ಅಂದರೆ ನೋಡುವ ಜಾಗವನ್ನು ಫಿಲಿಪ್‌ನ ಕುರ್ಚಿಗೆ ಒಯ್ದದ್ದು.

ಮನಸ್ಸಿನ ತೊಂದರೆಯನ್ನು ಒಳಗಿನಿಂದ ಬರೆಯುವ ದಾರಿ ಕಾಮಿಕ್ಸ್‌ನಲ್ಲಿ ತೆರೆದದ್ದು 1972ರಲ್ಲಿ, ಅಮೆರಿಕದ ಜಸ್ಟಿನ್ ಗ್ರೀನ್ ತನ್ನ ಗೀಳಿನ ಕಾಯಿಲೆಯನ್ನೇ ವಸ್ತುವಾಗಿಸಿ ಪುಸ್ತಕ ತಂದಾಗ. ಎಡಿಎಚ್‌ಡಿಯ ಸರದಿ ತಡವಾಗಿ ಬಂತು. ಚಿಕ್ಕಂದಿನಲ್ಲೇ ಎಡಿಎಚ್‌ಡಿಗೆ ರಿಟಾಲಿನ್ ಎಂಬ ಔಷಧಿ ತೆಗೆದುಕೊಂಡ ಕಾಮಿಕ್ಸ್ ಕಲಾವಿದ ಟೈಲರ್ ಪೇಜ್ ತನ್ನ ಕಥೆಯ ಜೊತೆಗೆ ಆ ಔಷಧಿಯ ಕಥೆಯನ್ನೂ ಹೆಣೆದು ಒಂದು ಪುಸ್ತಕವನ್ನೇ ಬರೆದ. ಜರ್ಮನಿಯ ಪೀನಾ ವಾರ್ನೆಲ್ ತನ್ನನ್ನು ಒಂದು ಅನ್ಯಗ್ರಹ ಜೀವಿಯಾಗಿ ಬಿಡಿಸಿದಳು. ಆದರೆ ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಡಿಎಚ್‌ಡಿ ಇರುವ ಕಲಾವಿದೆ ಡ್ಯಾನಿ ಡೊನೊವನ್ 2018ರ ಡಿಸೆಂಬರ್‌ನಲ್ಲಿ ಟ್ವಿಟ್ಟರ್‌ಗೆ ಹಾಕಿದ ಒಂದು ನಕ್ಷೆ. ಮೇಲೆ ಒಂದು ನೇರ ಬಾಣ: ಕಥೆಯ ಶುರು, ಕಥೆಯ ಕೊನೆ. ಕೆಳಗೆ ಎಡಿಎಚ್‌ಡಿ ಇರುವವರು ಕಥೆ ಹೇಳುವ ಬಗೆ: ಮೊದಲು ಪೀಠಿಕೆ, ಆಮೇಲೆ ಶುರು, ನಡುವೆ ಒಂದು ಉಪಕಥೆ, ಬೇಡದಷ್ಟು ವಿವರ, ಎಲ್ಲಿದ್ದೆ ಅನ್ನುವುದೇ ಮರೆವು, ಹೇಗೋ ಕೊನೆ ಮುಟ್ಟಿ ಕೊನೆಗೊಂದು ಕ್ಷಮಾಪಣೆ. ಅದರಲ್ಲಿ ಮುಖವಿಲ್ಲ, ಮಿದುಳಿನ ಚಿತ್ರವಿಲ್ಲ. ಬಾಣಗಳೇ ಎಲ್ಲ ಹೇಳುತ್ತವೆ. ನೋಡುವವನ ಕಣ್ಣು ಆ ದಾರಿಯಲ್ಲಿ ಅಡ್ಡಾಡಿ ದಣಿಯುತ್ತದಲ್ಲ, ಆ ದಣಿವೇ ವಿಷಯ.

ಕಾಮಿಕ್ಸ್‌ನಲ್ಲಿ ಕಾಲ ಅಂದರೆ ಜಾಗ: ಚೌಕದಿಂದ ಚೌಕಕ್ಕೆ ಕಣ್ಣು ಸರಿದಂತೆ ಹೊತ್ತು ಸರಿಯುತ್ತದೆ. ಎಡಿಎಚ್‌ಡಿಯಲ್ಲಿ ಕೈಕೊಡುವುದು ಕಾಲದ ಅಂದಾಜೇ. ಇವೆರಡೂ ಒಂದೇ ಕಾಗದದ ಮೇಲೆ ಕೂಡುತ್ತವೆ. ಒಂದು ಪುಟ ಕಟ್ಟೋಣ. ಅಡ್ಡ ಮೂರು, ಉದ್ದ ಮೂರು, ಒಂಬತ್ತು ಚೌಕ, ಎಲ್ಲ ಒಂದೇ ಅಳತೆ. ಬೆಳಿಗ್ಗೆ 11ಕ್ಕೆ ಅರ್ಜಿ ತುಂಬಲು ಕೂತ ಒಬ್ಬಳು. ಪ್ರತಿ ಚೌಕದಲ್ಲೂ ಅದೇ ಜಾಗದಲ್ಲಿ ಗೋಡೆ ಗಡಿಯಾರ, ಮೇಜಿನ ಮೇಲೆ ಕಾಫಿ ಲೋಟ. 11:00, 11:05, 11:10. ನಾಲ್ಕನೆಯ ಚೌಕದಲ್ಲಿ 3:40. ಬಹುತೇಕರು ಇಲ್ಲಿ "ಹಲವು ಗಂಟೆಗಳ ನಂತರ" ಅಂತ ಚೌಕದ ಮೇಲೆ ಒಂದು ಬರಹದ ಪಟ್ಟಿ ಹಾಕುತ್ತಾರೆ. ಹಾಕಿದಿರೋ, ಪುಟ ಸತ್ತಿತು. ಆ ಪಟ್ಟಿ ಓದುಗನಿಗೆ ಮುನ್ಸೂಚನೆ ಕೊಡುತ್ತದೆ. ಅವಳಿಗೆ ಯಾವ ಮುನ್ಸೂಚನೆಯೂ ಇರಲಿಲ್ಲ. ಚೌಕಗಳ ನಡುವಿನ ಖಾಲಿ ಜಾಗವನ್ನೂ ಹಿಗ್ಗಿಸಬೇಡಿ. ಮೊದಲ ಮೂರರಲ್ಲಿ ನಾಲ್ಕು ಮಿಲಿಮೀಟರ್ ಇದ್ದರೆ ಇಲ್ಲೂ ನಾಲ್ಕೇ. ಬದಲಾಗಬೇಕಾದದ್ದು ಕಿಟಕಿಯ ಬಿಸಿಲು ನೆಲದಲ್ಲಿ ಬಿದ್ದ ಕಡೆ, ಮತ್ತೆ ಆ ಲೋಟ: ಮೂರನೆಯದರಲ್ಲಿ ಹಬೆ, ನಾಲ್ಕನೆಯದರಲ್ಲಿ ಕೆನೆ ಕಟ್ಟಿ ಅಂಚಿಗೆ ಒಣಗಿ ಅಂಟಿದ ಕಾಫಿ. ಅರ್ಜಿಯಲ್ಲಿ ಹೆಸರು ಮಾತ್ರ ತುಂಬಿದೆ. ಓದುಗ ಒಂದು ಕ್ಷಣ ತಡವರಿಸಿ ಹಿಂದಿನ ಚೌಕಕ್ಕೆ ಹೋಗುತ್ತಾನೆ, ಏನು ತಪ್ಪಿಸಿಕೊಂಡೆ ಅಂತ ಹುಡುಕುತ್ತಾನೆ. ಅವಳೂ ಅದನ್ನೇ ಮಾಡುತ್ತಿರುತ್ತಾಳೆ.

ಇನ್ನೊಂದು, ಏಳಬೇಕು ಅಂತ ಗೊತ್ತಿದ್ದೂ ಏಳಲಾಗದ ಸ್ಥಿತಿ. ಇದನ್ನು ಸೋಮಾರಿತನ ಅಂತ ಓದುಗ ತಿಳಿಯುವ ಅಪಾಯ ತುಂಬಾ. ಅದೇ ಮಂಚ, ಅದೇ ಭಂಗಿ, ಆರು ಚೌಕ. ಟ್ಯಾಬ್ಲೆಟ್‌ನಲ್ಲಿ ಬರೆಯುವವರು ಒಂದು ಬರೆದು ಐದು ನಕಲು ಅಂಟಿಸುತ್ತಾರೆ. ಹಾಗೆ ಮಾಡಿದರೆ ಆಕೃತಿ ಹೆಣದ ಹಾಗೆ ಕಾಣುತ್ತದೆ, ಒಳಗೆ ಯಾವ ಹೋರಾಟವೂ ಇಲ್ಲ ಅನಿಸುತ್ತದೆ. ಆರನ್ನೂ ಕೈಯಿಂದಲೇ ಮತ್ತೆ ಬರೆಯಿರಿ. ಗೆರೆ ಒಂದಿಷ್ಟು ಅಲುಗುತ್ತದೆ, ಆ ಅಲುಗಾಟದಲ್ಲಿ ಶ್ರಮ ಕಾಣುತ್ತದೆ. ಫ್ಯಾನು, ಕುಕ್ಕರಿನ ಸೀಟಿ, ಎದುರಿನವರ ಮಾತು ಎಲ್ಲ ಒಟ್ಟಿಗೆ ನುಗ್ಗುವುದನ್ನು ತೋರಿಸುವಾಗ ಮೂರು ಪದರ ಸಾಕು. ಮಾತಿನ ಬಲೂನನ್ನು ಸದ್ದು ಅರ್ಧ ಮುಚ್ಚಲಿ, ಆದರೆ ಮಾತಿನ ಮೊದಲ ಎರಡು ಪದ ಓದಲು ಸಿಗಲಿ. ಪೂರ್ತಿ ಗೊಜಲಾದರೆ ಅದು ಅನುಭವವಾಗುವುದಿಲ್ಲ; ನಿಮ್ಮ ಓದುಗರಲ್ಲೇ ಎಡಿಎಚ್‌ಡಿ ಇರುವವರು ಮೊದಲು ಬಿಟ್ಟು ಹೋಗುತ್ತಾರೆ.

"ಅಯ್ಯೋ, ಇದು ನನಗೂ ಆಗುತ್ತೆ" ಅನ್ನಿಸುವ ಪುಟಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕಾದದ್ದಿದೆ. ಬೀಗದ ಕೈ ಮರೆಯದವರು ಯಾರು? ಅಷ್ಟಕ್ಕೇ ಎಡಿಎಚ್‌ಡಿ ಆಗುವುದಿಲ್ಲ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ದೊಡ್ಡವರಲ್ಲಿ ಗಮನದ ಪಟ್ಟಿಯಲ್ಲಾಗಲಿ ಚಡಪಡಿಕೆಯ ಪಟ್ಟಿಯಲ್ಲಾಗಲಿ ಕನಿಷ್ಠ ಐದು ಲಕ್ಷಣ ಆರು ತಿಂಗಳಾದರೂ ಇರಬೇಕು, ಕೆಲವಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು, ಮನೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬದುಕಿಗೆ ಪೆಟ್ಟು ಬಿದ್ದಿರಬೇಕು. 2022ರಲ್ಲಿ ಕೆನಡಾದ ಸಂಶೋಧಕರು ಟಿಕ್‌ಟಾಕ್‌ನ 100 ಜನಪ್ರಿಯ ಎಡಿಎಚ್‌ಡಿ ವಿಡಿಯೊ ನೋಡಿದಾಗ 52 ದಾರಿ ತಪ್ಪಿಸುವಂಥವು. ಕಾಮಿಕ್ಸ್ ಈ ಹಳ್ಳಕ್ಕೆ ಬೀಳುವುದು ಸುಲಭ. ಪರಿಹಾರ ಬರಹದಲ್ಲಿಲ್ಲ, ಮತ್ತೆ ಪುಟದಲ್ಲೇ ಇದೆ. ಮರೆತದ್ದನ್ನು ಒಂದು ಚೌಕದಲ್ಲಿ ಮುಗಿಸಿ, ಅದರ ಬೆಲೆಯನ್ನು ಐದು ಚೌಕದಲ್ಲಿ ತೋರಿಸಿ: ಮತ್ತೆ ಬೀಗ ಒಡೆಸಿದ ಖರ್ಚು, ಆಫೀಸಿನಲ್ಲಿ ಸಿಕ್ಕ ಎಚ್ಚರಿಕೆ ಪತ್ರ, ಈ ಸಲ ಕರೆಯದೇ ಬಿಟ್ಟ ಗೆಳತಿ. ಹಾಗೇ "ನಮ್ಮಂಥವರೆಲ್ಲ" ಅನ್ನುವುದನ್ನು ಹೊಡೆದು "ನಾನು" ಅಂತ ಬರೆಯಿರಿ. ಮಾತ್ರೆಯ ಪ್ರಮಾಣ ಪುಟದಲ್ಲಿ ಬೇಡ, ಓದುಗ ಅದನ್ನು ಸಲಹೆಯಾಗಿ ತೆಗೆದುಕೊಳ್ಳುತ್ತಾನೆ. ರಿಟಾಲಿನ್‌ನಲ್ಲಿರುವ ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಮೂರ್ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಆ ಇಳಿತ ಬರೆಯಬಹುದಾದ ಪುಟ, ಯಾರೂ ಸರಿಯಾಗಿ ಬರೆದಂತಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರ. ಇಂಗ್ಲಿಷಿನ ಬಲೂನಿನ ಅಳತೆಗೆ ನಮ್ಮ ಅಕ್ಷರ ಹಿಡಿಯುವುದಿಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ, ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇರಲಿ. ನಮ್ಮ ಪದಗಳು ಉದ್ದ, ನಡುವೆ ತುಂಡರಿಸಿದರೆ ಓದು ಮುಗ್ಗರಿಸುತ್ತದೆ, ಬಲೂನಿಗೆ ಎಂಟು ಹತ್ತು ಪದ ಸಾಕು. ಮಾತನ್ನು ಮೊದಲು ಬರೆದು ಆಮೇಲೆ ಸುತ್ತ ಬಲೂನು ಎಳೆಯಿರಿ. ಎ4 ಹಾಳೆಯ 21 ಸೆಂಟಿಮೀಟರ್ ಅಗಲ ಫೋನಿನಲ್ಲಿ ಸುಮಾರು 7ಕ್ಕೆ ಇಳಿಯುತ್ತದೆ; ಆರು ಮಿಲಿಮೀಟರ್ ಅಕ್ಷರ ಎರಡಾಗುತ್ತದೆ, ಅದಕ್ಕಿಂತ ಚಿಕ್ಕದು ಬೇಡ. ಹಳೆಯ ಆವೃತ್ತಿಯ ಫೋಟೊಶಾಪ್‌ನಲ್ಲಿ ಒತ್ತು ಬೇರೆಯಾಗಿ ಬಿದ್ದರೆ ಫಾಂಟನ್ನು ಬೈಯಬೇಡಿ, ಅಕ್ಷರದ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿದ್ದೀರಾ ನೋಡಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಓಡಿಸಿ ಹೇಳುತ್ತೇನೆ. ಅಮ್ಮ, ಗಂಡ, ಹೆಂಡತಿ ಪುಟದಲ್ಲಿ ಬರುವುದಾದರೆ ಪೆನ್ಸಿಲ್ ಹಂತದಲ್ಲೇ ಅವರಿಗೆ ತೋರಿಸಿ. ಇಂಕು ಹಾಕಿದ ಮೇಲೆ ಬದಲಿಸಲು ನಿಮಗೇ ಮನಸ್ಸು ಬರುವುದಿಲ್ಲ. ನಿಮ್ಮ ಪಾತ್ರವನ್ನು ಅರ್ಧ ನಿಮಿಷದಲ್ಲಿ ಬರೆಯಬಹುದಾದಷ್ಟು ಸರಳ ಮಾಡಿಕೊಳ್ಳಿ. ಪಟ್ಟೆ ಅಂಗಿ, ಗುಂಗುರು ಕೂದಲು ಅಂತ ಶುರು ಮಾಡಿದ ಸರಣಿಗಳು ಹೊಸತನ ಮಾಸಿದ ಕೂಡಲೇ ನಿಲ್ಲುತ್ತವೆ, ಎಡಿಎಚ್‌ಡಿ ಇರುವವರಿಗಂತೂ ಆ ಹೊಸತನವೇ ಇಂಧನ. ವಾರಕ್ಕೊಂದು ಅಂತ ಮಾತು ಕೊಡಬೇಡಿ. ಆರು ಕಂತು ಮುಗಿಸಿಟ್ಟುಕೊಂಡು, ಆರೇ ಅಂತ ಹೇಳಿ ಹಾಕಿ. ಒಂಬತ್ತು ಚೌಕದ ಖಾಲಿ ಹಾಳೆಗಳು ಬಾಗಿಲ ಬಳಿ ಇವೆ, ಬೇಕಾದಷ್ಟು ತೆಗೆದುಕೊಳ್ಳಿ. ಲೆಟರಿಂಗ್, ಅಂದರೆ ಪುಟದಲ್ಲಿ ಅಕ್ಷರ ಕೂರಿಸುವುದರ ಬಗ್ಗೆ ಪ್ರಶ್ನೆ ಇರುವವರು ಇಲ್ಲೇ ಇರಿ, ಮಾತಾಡೋಣ. ನಮಸ್ಕಾರ.